ಮನೆಯಲ್ಲೇ ಪ್ರಿಕ್ಯಾಲ್ಕುಲಸ್: ಕ್ಯಾಲ್ಕುಲೇಟರ್ ಕೈಗೆ ಕೊಡಬೇಕಾ, ಯಾವ ಪುಸ್ತಕ ಹಿಡಿಯಬೇಕು?

ಪ್ಲೇನೋ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ಮಗಳಿಗೆ 15 ವರ್ಷ, ಮಿಡ್ಲ್ ಸ್ಕೂಲ್ ಮುಗಿದ ಮೇಲೆ ಮನೆಯಲ್ಲೇ ಓದಿಸುತ್ತಿದ್ದೇವೆ. ಆಲ್ಜೀಬ್ರಾ 1, ಜಾಮೆಟ್ರಿ, ಆಲ್ಜೀಬ್ರಾ 2 ಆಗಿದೆ. ಆಗಸ್ಟ್‌ನಿಂದ ಪ್ರಿಕ್ಯಾಲ್ಕುಲಸ್, ಅಂದರೆ ಕ್ಯಾಲ್ಕುಲಸ್‌ಗೆ ಮೊದಲು ಕಲಿಯುವ ಗಣಿತ, ಶುರು ಮಾಡಬೇಕು.

ತಲೆಬಿಸಿ ಎರಡು. ಮೊದಲನೆಯದು ಕ್ಯಾಲ್ಕುಲೇಟರ್. ಅವಳಿಗೆ ಡೆಸ್ಮೋಸ್ (ಗ್ರಾಫ್ ಬರೆದು ತೋರಿಸುವ ಆನ್‌ಲೈನ್ ಕ್ಯಾಲ್ಕುಲೇಟರ್) ಇಲ್ಲದಿದ್ದರೆ ಕೈಯೇ ಓಡುವುದಿಲ್ಲ. 1/6ಕ್ಕೆ 1/4 ಕೂಡಿಸಲೂ ಲ್ಯಾಪ್‌ಟಾಪ್ ತೆರೆಯುತ್ತಾಳೆ, 0.4167 ಅಂತ ಬರೆದುಕೊಂಡು ಮುಂದೆ ಹೋಗುತ್ತಾಳೆ. 5/12 ಯಾಕೆ ಬರೆಯಲಿಲ್ಲ ಅಂದರೆ "ಎರಡೂ ಒಂದೇ ಅಲ್ವಾ ಅಮ್ಮಾ" ಅನ್ನುತ್ತಾಳೆ. ದಡ್ಡಿ ಅಲ್ಲ, ಲೆಕ್ಕ ಅರ್ಥ ಆಗುತ್ತದೆ, ಆದರೆ ಕೈಲೆಕ್ಕ ಅಂದರೆ ಅಲರ್ಜಿ. ನಮ್ಮ ಯಜಮಾನರು ದಾವಣಗೆರೆಯಲ್ಲಿ ಲಾಗ್ ಟೇಬಲ್ ಹಿಡಿದು ಪಿಯುಸಿ ಮಾಡಿದವರು. ಕ್ಯಾಲ್ಕುಲಸ್ ಮುಗಿಯುವ ತನಕ ಕ್ಯಾಲ್ಕುಲೇಟರ್ ಮುಟ್ಟಬಾರದು ಅನ್ನುತ್ತಾರೆ. ಇಲ್ಲಿನ ಕೋ-ಆಪ್‌ನಲ್ಲಿ (ಹೋಮ್‌ಸ್ಕೂಲ್ ಮನೆಯವರು ಸೇರಿ ನಡೆಸುವ ಪಾಠದ ಗುಂಪು) ಗಣಿತ ಹೇಳಿಕೊಡುವ ಮೇಡಂ, ಮೊದಲ ದಿನದಿಂದಲೇ ಟಿಐ-84 ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕು, ಇಲ್ಲದಿದ್ದರೆ ಹಿಂದೆ ಬೀಳುತ್ತಾಳೆ ಅನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಮಧ್ಯದಲ್ಲಿ ನಾನು.

ಎರಡನೆಯದು ಪುಸ್ತಕ. ಟೆಕ್ಸಸ್‌ನಲ್ಲಿ ಹೋಮ್‌ಸ್ಕೂಲ್ ಮಾಡುವವರು ಗಣಿತ ಕಲಿಸಬೇಕು ಅಂತ ಇದೆ, ಯಾವ ಪುಸ್ತಕದಿಂದ ಅಂತ ಯಾರೂ ಹೇಳುವುದಿಲ್ಲ. ಆ ಸ್ವಾತಂತ್ರ್ಯವೇ ಈಗ ಕಷ್ಟ. ಸ್ಯಾಕ್ಸನ್, ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್, ಓಪನ್‌ಸ್ಟ್ಯಾಕ್ಸ್, ಖಾನ್ ಅಕಾಡೆಮಿ, ಊರಿಂದ ತರಿಸಬಹುದಾದ ಎನ್‌ಸಿಇಆರ್‌ಟಿ, ಎಲ್ಲದರ ಹೆಸರೂ ಕೇಳಿದ್ದೇನೆ. ನಾನು ಓದಿದ್ದು ಬಿಕಾಂ, ಟ್ರಿಗನಾಮೆಟ್ರಿ ಪೂರ್ತಿ ಮರೆತಿದೆ. ಯಜಮಾನರಿಗೆ ಸಂಜೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರು ಮೇಷ್ಟ್ರು

ಮೇಡಂ, ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಈಗ ಮೊಮ್ಮಗನಿಗೆ ವಿಡಿಯೋ ಕರೆಯಲ್ಲಿ ಇದೇ ಪಾಠ ನಡೆಯುತ್ತಿದೆ, ಅವನೂ ಅಮೆರಿಕದಲ್ಲೇ ಇದ್ದಾನೆ. ಹಾಗಾಗಿ ಎರಡೂ ಕಡೆಯ ಪುಸ್ತಕ ನೋಡಿದ್ದೇನೆ.

ನಿಮ್ಮ ಯಜಮಾನರ ಮಾತು ಅರ್ಧ ಸರಿ. 5/12 ಮತ್ತು 0.4167 ಎರಡೂ ಒಂದೇ ಅಲ್ಲ ಅನ್ನುವುದನ್ನು ಮಗುವಿಗೆ ಮೊದಲು ತೋರಿಸಬೇಕು. ಬೈದು ಹೇಳಿದರೆ ಆಗುವುದಿಲ್ಲ, ಲೆಕ್ಕದಲ್ಲೇ ತೋರಿಸಬೇಕು. 75 ಡಿಗ್ರಿಯ ಟ್ಯಾನ್ ಬೆಲೆ ಕೇಳಿ. ಯಂತ್ರ 3.732 ಅನ್ನುತ್ತದೆ. ಅಲ್ಲಿಗೆ ಮುಗಿಯಿತು, ಆ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. 45 ಕೂಡು 30 ಅಂತ ಒಡೆದು ಸೂತ್ರ ಹಾಕಿದರೆ 2 + √3 ಬರುತ್ತದೆ. 15 ಡಿಗ್ರಿಗೆ ಮಾಡಿದರೆ 2 − √3. ಎರಡನ್ನೂ ಗುಣಿಸಿದರೆ ಸರಿಯಾಗಿ 1. ಯಾಕೆ 1 ಬಂತು ಅಂತ ಮಗು ಕೇಳಿದರೆ ನಿಮ್ಮ ಆ ದಿನದ ಪಾಠ ಆದ ಹಾಗೆ. 3.732 ಮತ್ತು 0.268 ಗುಣಿಸಿ ನೋಡಿದರೆ 1.000176 ಬರುತ್ತದೆ, ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಇನ್ನೊಂದು. ಒಂದು ತ್ರಿಕೋನದಲ್ಲಿ ಕೋನ ಎ 30 ಡಿಗ್ರಿ, ಅದರ ಎದುರಿನ ಬಾಹು 6, ಇನ್ನೊಂದು ಬಾಹು 10, ಅದರ ಎದುರಿನ ಕೋನ ಬಿ. ಸೈನ್ ನಿಯಮ ಹಾಕಿದರೆ ಸೈನ್ ಬಿ 0.8333. ಯಂತ್ರದಲ್ಲಿ ಸೈನ್ ಇನ್ವರ್ಸ್ ಒತ್ತಿದರೆ 56.44 ಡಿಗ್ರಿ ಕೊಟ್ಟು ಸುಮ್ಮನಾಗುತ್ತದೆ. 123.56 ಕೂಡ ಉತ್ತರ ಅಂತ ಅದು ಹೇಳುವುದಿಲ್ಲ. ಸೈನ್ ಇನ್ವರ್ಸ್ −90ರಿಂದ 90ರ ಒಳಗಿನ ಕೋನ ಮಾತ್ರ ಕೊಡುತ್ತದೆ, ಅದರ ಸ್ವಭಾವವೇ ಅಷ್ಟು. ಎರಡು ತ್ರಿಕೋನ ಸಾಧ್ಯ ಅನ್ನುವುದು ಕಾಗದದ ಮೇಲೆ ಚಿತ್ರ ಬರೆದವರಿಗೆ ಮಾತ್ರ ಹೊಳೆಯುತ್ತದೆ.

ಹಾಗಂತ ಪೂರ್ತಿ ನಿಷೇಧ ಬೇಡ. ನಮ್ಮಲ್ಲಿ ಪಿಯುಸಿ, ಸಿಇಟಿ, ಜೆಇಇ ಎಲ್ಲಿಯೂ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಅದರಿಂದ ಒಂದು ನಷ್ಟ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಲೆಕ್ಕ ಎಲ್ಲ ನೀಟಾಗಿ ಬಿಡಿಸಿಕೊಳ್ಳುವ ಹಾಗೆ ಹೆಣೆದಿರುತ್ತಾರೆ. 30, 45, 60 ಬಿಟ್ಟರೆ ಬೇರೆ ಕೋನವೇ ಲೋಕದಲ್ಲಿ ಇಲ್ಲವೇನೋ ಅನ್ನಿಸಬೇಕು. ಕಾಫಿ ಎಷ್ಟು ಹೊತ್ತಿಗೆ ಆರುತ್ತದೆ, ಔಷಧಿ ರಕ್ತದಲ್ಲಿ ಎಷ್ಟು ಉಳಿದಿದೆ, ಇಂಥ ಘಾತ ಮತ್ತು ಲಾಗರಿದಮ್ ಲೆಕ್ಕಕ್ಕೆ ಯಂತ್ರ ಬೇಕೇ ಬೇಕು. ಅಲ್ಲಿ ಕೈಲೆಕ್ಕ ಮಾಡಿಸುವುದು ಸುಮ್ನೆ ಹಿಂಸೆ.

ಕ್ಯಾರಿ ಕನ್ನಡಿಗ

ಮೇಷ್ಟ್ರು ಗಣಿತದ ಕಡೆಯಿಂದ ಹೇಳಿದ್ದಾರೆ, ನಾನು ಪರೀಕ್ಷೆ ಕಡೆಯಿಂದ ಹೇಳುತ್ತೇನೆ. ನಾವು ನಾರ್ತ್ ಕೆರೊಲಿನಾದಲ್ಲಿ, ದೊಡ್ಡ ಮಗ ಹೋಮ್‌ಸ್ಕೂಲ್ ಮುಗಿಸಿ ಈಗ ಕಾಲೇಜು. ಪ್ಲೇನೋ ಮೇಡಂ, ಮಗಳು ಮುಂದೆ ಯಾವ ಪರೀಕ್ಷೆ ಬರೆಯುತ್ತಾಳೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಕ್ಯಾಲ್ಕುಲೇಟರ್ ವಿಚಾರ ಅರ್ಧ ಅಲ್ಲೇ ತೀರ್ಮಾನ ಆಗುತ್ತದೆ.

ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಪೂರ್ತಿ ಕಂಪ್ಯೂಟರ್ ಮೇಲೆ. ಮೊದಲು ಕ್ಯಾಲ್ಕುಲೇಟರ್ ಇಲ್ಲದ ಒಂದು ಭಾಗ ಇತ್ತು, ಈಗ ಇಲ್ಲ. ಗಣಿತದ 44 ಪ್ರಶ್ನೆಗೂ ಕ್ಯಾಲ್ಕುಲೇಟರ್ ಬಳಸಬಹುದು, ಡೆಸ್ಮೋಸ್ ಪರದೆಯೊಳಗೇ ಇರುತ್ತದೆ. ಅಂಥದೇ ಇನ್ನೊಂದು ಪರೀಕ್ಷೆ ಎಸಿಟಿಯಲ್ಲೂ ಗಣಿತ ಪೂರ್ತಿ ಕ್ಯಾಲ್ಕುಲೇಟರ್ ಓಕೆ, ಆದರೆ ಟಿಐ-89 ಥರ ಬೀಜಗಣಿತವನ್ನೇ ಬಿಡಿಸಿಬಿಡುವ ಯಂತ್ರ ಬೇಡ ಅನ್ನುತ್ತಾರೆ. ಟಿಐ-84ಕ್ಕೆ ತೊಂದರೆ ಇಲ್ಲ.

ಎಪಿ (ಹೈಸ್ಕೂಲ್‌ನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಮಾತ್ರ ಬೇರೆ ಕಥೆ. ಎಪಿ ಪ್ರಿಕ್ಯಾಲ್ಕುಲಸ್ ಹೊಸದು, ಮೊದಲ ಪರೀಕ್ಷೆ ನಡೆದದ್ದು 2024ರ ಮೇ ತಿಂಗಳಲ್ಲಿ. ಅದರಲ್ಲಿ ಆಯ್ಕೆ ಪ್ರಶ್ನೆ 40, ಅದರ ಪೈಕಿ 28ಕ್ಕೆ ಕ್ಯಾಲ್ಕುಲೇಟರ್ ಇಲ್ಲ, 12ಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕು. ಬಿಡಿಸಿ ಬರೆಯುವ ನಾಲ್ಕರಲ್ಲಿ ಎರಡಕ್ಕೆ ಇದೆ, ಎರಡಕ್ಕೆ ಇಲ್ಲ. ಎಪಿ ಕ್ಯಾಲ್ಕುಲಸ್ ಎಬಿಯಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ, ಆಯ್ಕೆ ಪ್ರಶ್ನೆ 45ರಲ್ಲಿ 30ಕ್ಕೆ ಇಲ್ಲ. ಅಂದರೆ ಮೂರರಲ್ಲಿ ಎರಡು ಪಾಲು ಬರಿಗೈಯಲ್ಲಿ. ಡೆಸ್ಮೋಸ್ ಒಂದನ್ನೇ ನಂಬಿದ ಹುಡುಗಿ ಅಲ್ಲಿ ಒದ್ದಾಡುತ್ತಾಳೆ, ಹಾಗೇ ನಿಮ್ಮ ಯಜಮಾನರು ಹೇಳಿದ ಹಾಗೆ ಯಂತ್ರ ಮುಟ್ಟದೇ ಬೆಳೆದವಳು ಉಳಿದ ಒಂದು ಪಾಲಿನಲ್ಲಿ ಒದ್ದಾಡುತ್ತಾಳೆ, ಯಾಕೆಂದರೆ ಆ ಪ್ರಶ್ನೆಗಳನ್ನು ಕೈಯಲ್ಲಿ ಬಿಡಿಸಲು ಆಗುವುದೇ ಇಲ್ಲ.

ಇನ್ನು ಟೆಕ್ಸಸ್‌ನಲ್ಲಿ ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಕ್ರೆಡಿಟ್ (ಹೈಸ್ಕೂಲ್‌ನಲ್ಲಿದ್ದಾಗಲೇ ಕಾಲೇಜು ಕೋರ್ಸ್ ಮಾಡುವುದು) ಯೋಚನೆ ಇದ್ದರೆ, ಕಾಲೇಜು ಪಾಠಕ್ಕೆ ಸಿದ್ಧವಾ ಅಂತ ನೋಡುವ ಟಿಎಸ್‌ಐಎ ಪರೀಕ್ಷೆ ಬರುತ್ತದೆ. ಅಲ್ಲಿ ನಿಮ್ಮ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಕೆಲವು ಪ್ರಶ್ನೆಗೆ ಮಾತ್ರ ಪರದೆ ಮೇಲೆ ಬರುತ್ತದೆ, ಉಳಿದದ್ದಕ್ಕೆ ಇಲ್ಲ. ಭಿನ್ನರಾಶಿ ಕೂಡಿಸಲು ಬಾರದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಟಿಐ-84 ಪ್ಲಸ್ ಸಿಇ ಹೊಸದು ನೂರು ಡಾಲರ್ ದಾಟುತ್ತದೆ. ಹಳೆಯದು ತೆಗೆದುಕೊಳ್ಳಿ, ಕೆಲಸ ಅದೇ. ಎಪಿಯ ಡಿಜಿಟಲ್ ಪರೀಕ್ಷೆಯಲ್ಲೂ ಈಗ ಡೆಸ್ಮೋಸ್ ಕೊಡುತ್ತಾರೆ, ಹಾಗಾಗಿ ಟಿಐ ಇಲ್ಲದಿದ್ದರೆ ಲೋಕ ಮುಳುಗುವುದಿಲ್ಲ. ಕೋ-ಆಪ್ ಮೇಡಂ ಪಾಠ ಪೂರ್ತಿ ಟಿಐ ಗುಂಡಿ ಒತ್ತಿಸಿಕೊಂಡೇ ನಡೆಸುವವರಾದರೆ ಮಾತ್ರ ಅದು ಬೇಕಾಗುತ್ತದೆ.

ಬ್ಯಾಕ್‌ಬೆಂಚ್ ಬಸವ

ನಾನು ಹೋಮ್‌ಸ್ಕೂಲ್ ಆಗಿಯೇ ಬಂದವನು, ಈಗ ಎಂಜಿನಿಯರಿಂಗ್ ಎರಡನೇ ವರ್ಷ. ಅಂಕಲ್‌ಗಳ ಬಗ್ಗೆ ಗೌರವ ಇದೆ, ಆದರೆ ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಆಂಟಿ, ಡೆಸ್ಮೋಸ್ ಕಿತ್ತುಕೊಳ್ಳಬೇಡಿ. ನನಗೆ ಗ್ರಾಫ್ ಅಂದರೆ ಏನು ಅಂತ ತಲೆಗೆ ಹೋದದ್ದು ಅದರ ಸ್ಲೈಡರ್ ಎಳೆದು ಆಡುವಾಗ. ಸೈನ್ ಮುಂದಿನ ಸಂಖ್ಯೆ ಬದಲಾಯಿಸಿದರೆ ಅಲೆ ಎತ್ತರ ಆಗುತ್ತದೆ, ಒಳಗಿನ ಸಂಖ್ಯೆ ಬದಲಾಯಿಸಿದರೆ ಒತ್ತಾಗುತ್ತದೆ. ಇದನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಆಗಲಿಲ್ಲ, ಅಲ್ಲಿ ಒಂದೇ ಸಂಜೆಗೆ ಆಯಿತು. ಪೋಲಾರ್ ಗ್ರಾಫ್ ಕೈಯಲ್ಲಿ ಬರೆಯುತ್ತಾ ಕೂತರೆ ಹೂವಿನ ಆಕಾರದ ಒಂದೇ ಗ್ರಾಫ್‌ಗೆ ಒಂದು ಗಂಟೆ ಬೇಕು.

ಆದರೆ ಡೆಸ್ಮೋಸ್ ಮೋಸ ಮಾಡುವ ಜಾಗಗಳನ್ನು ಬೇಕಂತಲೇ ತೋರಿಸಿ. 2ರ ಎಕ್ಸ್‌ನೇ ಘಾತ, ಎಕ್ಸ್‌ನ 10ನೇ ಘಾತ, ಎರಡನ್ನೂ ಹಾಕಿಸಿ. ಯಾವುದು ದೊಡ್ಡದು ಅಂತ ಕೇಳಿ. −10ರಿಂದ 10ರ ಪರದೆಯಲ್ಲಿ ಎರಡನೆಯದು ಗೋಡೆ ಥರ ಮೇಲೆ ಹೋಗಿರುತ್ತದೆ, ಮೊದಲನೆಯದು ಪಾಪ ಕೆಳಗೆ. ಎಲ್ಲರೂ ಎರಡನೆಯದೇ ದೊಡ್ಡದು ಅನ್ನುತ್ತಾರೆ. ಎಕ್ಸ್ ಸುಮಾರು 58.8 ದಾಟಿದ ಮೇಲೆ ಮೊದಲನೆಯದು ಮುಂದೆ ಹೋಗುತ್ತದೆ, ಆಮೇಲೆ ಯಾವತ್ತೂ ಹಿಂದೆ ಬೀಳುವುದಿಲ್ಲ. ಪರದೆಯಲ್ಲಿ ಅದನ್ನು ಹುಡುಕಬೇಕಾದರೆ ಎಲ್ಲಿ ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ಹಾಗೇ ಎಕ್ಸ್ ವರ್ಗ ಮೈನಸ್ 4, ಭಾಗಿಸು ಎಕ್ಸ್ ಮೈನಸ್ 2 ಹಾಕಿಸಿ. ಒಂದು ನೇರ ಗೆರೆ ಬರುತ್ತದೆ. ಎಕ್ಸ್ 2 ಆದಾಗ ಅಲ್ಲಿ ತೂತಿದೆ, ಸುಮ್ನೆ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ. ಕ್ಯಾಲ್ಕುಲಸ್‌ನ ಲಿಮಿಟ್ ಪಾಠ ಆ ತೂತಿನಿಂದಲೇ ಶುರು.

ಇನ್ನೊಂದು ದೊಡ್ಡ ತಲೆನೋವು ಡಿಗ್ರಿ, ರೇಡಿಯನ್. ಡೆಸ್ಮೋಸ್ ಮತ್ತು ಟಿಐ-84 ಹೊಸದಾಗಿ ತೆರೆದಾಗ ರೇಡಿಯನ್‌ನಲ್ಲಿ ಇರುತ್ತವೆ. ನಮ್ಮೂರಿನ ಕ್ಯಾಸಿಯೋ 991 ಡಿಗ್ರಿಯಲ್ಲಿ. ಎರಡೂ ಮನೆಯಲ್ಲಿ ಇದ್ದರೆ ಜಗಳ ಗ್ಯಾರಂಟಿ. ಪ್ರತಿ ಸಲ ಕೂತಾಗ ಸೈನ್ 30 ಒತ್ತಿ ನೋಡುವುದು ಅಭ್ಯಾಸ ಮಾಡಿಸಿ. 0.5 ಬಂದರೆ ಡಿಗ್ರಿ, −0.988 ಬಂದರೆ ರೇಡಿಯನ್.

ಮೈಸೂರು ಮೇಷ್ಟ್ರು

ಬಸವ, 58.8ರ ಉದಾಹರಣೆ ಚೆನ್ನಾಗಿದೆ, ಮೊಮ್ಮಗನಿಗೆ ಕೊಡುತ್ತೇನೆ. ಸ್ಲೈಡರ್ ವಿಚಾರದಲ್ಲಿ ಮಾತ್ರ ಒಂದು ತಕರಾರು. ಸ್ಲೈಡರ್ ಎಳೆಯುವ ಮೊದಲು ಏನಾಗುತ್ತದೆ ಅಂತ ಹುಡುಗಿ ಬಾಯಲ್ಲಿ ಹೇಳಬೇಕು, ಆಮೇಲೆ ಎಳೆಯಬೇಕು. ಸುಮ್ನೆ ಎಳೆಯುತ್ತಾ ಕೂತರೆ ಟಿವಿ ನೋಡಿದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಲಾಗರಿದಮ್‌ನಲ್ಲೂ ಹಾಗೇ. 2ರ ಬುಡದಲ್ಲಿ 10ರ ಲಾಗ್ ಎಷ್ಟು? 2ರ ಮೂರನೇ ಘಾತ 8, ನಾಲ್ಕನೇದು 16. ಹಾಗಾಗಿ 3 ಮತ್ತು 4ರ ನಡುವೆ, 3ಕ್ಕೆ ಹತ್ತಿರ. 2ರ ಹತ್ತನೇ ಘಾತ 1024 ಅಂತ ಗೊತ್ತಿದ್ದವರು 3.3 ಅಂತಲೇ ಹೇಳಿಬಿಡಬಹುದು. ಆಮೇಲೆ ಯಂತ್ರ ಒತ್ತಲಿ, 3.32 ಬರುತ್ತದೆ. ಹೀಗೆ ಅಂದಾಜು ಮೊದಲು, ಗುಂಡಿ ಆಮೇಲೆ ಅಂತ ಇಟ್ಟುಕೊಂಡರೆ ತಪ್ಪು ಒತ್ತಿದಾಗ ಅವಳಿಗೇ ಗೊತ್ತಾಗುತ್ತದೆ.

ಪ್ಲೇನೋ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. 1.000176 ಲೆಕ್ಕ ಅವಳ ಕೈಯಲ್ಲೇ ಮಾಡಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಓಕೆ, ಬರೀ ಇದಕ್ಕೆ ಮಾತ್ರ ರೂಟ್ ಬರೆಯುತ್ತೇನೆ" ಅಂದಳು. ಅಷ್ಟು ಸಾಕು ಈಗ.

ಪರೀಕ್ಷೆ ಬಗ್ಗೆ ಕೇಳಿದ್ದೀರಿ. ಬಯಾಲಜಿ ಕಡೆ ಆಸೆ ಇದೆ, ಎಂಜಿನಿಯರಿಂಗ್ ಬೇಡ ಅಂತಲೂ ಹೇಳಿಲ್ಲ. ಎಸ್‌ಎಟಿ ಬರೆಯುವುದು ಖಂಡಿತ. ಮುಂದಿನ ವರ್ಷ ಎಪಿ ಕ್ಯಾಲ್ಕುಲಸ್ ಅಂದುಕೊಂಡಿದ್ದೇವೆ. ಪುಸ್ತಕದ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ. ಯಜಮಾನರು ಎನ್‌ಸಿಇಆರ್‌ಟಿ ಸಾಕು ಅನ್ನುತ್ತಿದ್ದಾರೆ.

ಕ್ಯಾರಿ ಕನ್ನಡಿಗ

ಎನ್‌ಸಿಇಆರ್‌ಟಿ 11ನೇ ತರಗತಿ ಪುಸ್ತಕ ಒಂದೇ ಸಾಕಾಗುವುದಿಲ್ಲ ಮೇಡಂ. ಕಷ್ಟ ಅಥವಾ ಸುಲಭ ಅಂತಲ್ಲ, ದಾರಿ ಬೇರೆ. ಅದರಲ್ಲಿ ಕ್ರಮಯೋಜನೆ, ಬೈನಾಮಿಯಲ್, ಶಂಕುಜಗಳು, ಲಿಮಿಟ್ ಮತ್ತು ಡೆರಿವೇಟಿವ್ ಕೂಡ ಬಂದುಬಿಡುತ್ತದೆ. ಆದರೆ ಲಾಗರಿದಮ್‌ಗೆ ಪ್ರತ್ಯೇಕ ಅಧ್ಯಾಯವೇ ಇಲ್ಲ. ಇಲ್ಲಿನ ಪ್ರಿಕ್ಯಾಲ್ಕುಲಸ್‌ನಲ್ಲಿ ಅದು ಮುಖ್ಯ ಭಾಗ. ಗ್ರಾಫ್ ಓದುವುದು, ಅದನ್ನು ಎಡಕ್ಕೆ ಬಲಕ್ಕೆ ಸರಿಸುವುದು, ಡೇಟಾ ನೋಡಿ ಯಾವ ಫಂಕ್ಷನ್ ಹೊಂದುತ್ತದೆ ಅಂತ ಹೇಳುವುದು, ಎಪಿಯಲ್ಲಿ ಇದೇ ಜಾಸ್ತಿ. ಅಭ್ಯಾಸಕ್ಕೆ ಎನ್‌ಸಿಇಆರ್‌ಟಿ ಒಳ್ಳೆಯದು, ವೆಬ್‌ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತದೆ, ಊರಿಂದ ತರಿಸುವ ಅಗತ್ಯವೂ ಇಲ್ಲ.

ನಿಮ್ಮ ಪರಿಸ್ಥಿತಿಗೆ ನಾನಾದರೆ ಓಪನ್‌ಸ್ಟ್ಯಾಕ್ಸ್ ಹಿಡಿಯುತ್ತೇನೆ. ರೈಸ್ ವಿಶ್ವವಿದ್ಯಾಲಯದ್ದು, ನಿಮ್ಮ ಟೆಕ್ಸಸ್‌ನದೇ, ಒಂದು ಪೈಸೆ ಖರ್ಚಿಲ್ಲ. ನಿಮ್ಮ ಕ್ಯಾಲ್ಕುಲೇಟರ್ ಜಗಳಕ್ಕೂ ಅದರಲ್ಲಿ ಒಂದು ದಾರಿ ಇದೆ. ಅಭ್ಯಾಸದ ಲೆಕ್ಕಗಳನ್ನು ಗುಂಪು ಗುಂಪಾಗಿ ಕೊಟ್ಟಿರುತ್ತಾರೆ, ಬಾಯಲ್ಲಿ ವಿವರಿಸುವುದು, ಬೀಜಗಣಿತ, ಗ್ರಾಫ್, ಹೀಗೆ. ಯಂತ್ರ ಬಳಸುವವು ಟೆಕ್ನಾಲಜಿ ಅಂತ ಬೇರೆಯೇ ಇರುತ್ತವೆ. ಆ ಗುಂಪು ಮತ್ತು ನಿಜಜೀವನದ ಲೆಕ್ಕಗಳ ಗುಂಪಿಗೆ ಕ್ಯಾಲ್ಕುಲೇಟರ್ ಇರಲಿ, ಉಳಿದದ್ದಕ್ಕೆ ಬೇಡ. ಯಜಮಾನರೂ ಒಪ್ಪುತ್ತಾರೆ, ಕೋ-ಆಪ್ ಮೇಡಂ ಕೂಡ ಒಪ್ಪುತ್ತಾರೆ. ಒಂದೇ ಕೊರತೆ, ವಿದ್ಯಾರ್ಥಿಗಳಿಗೆ ಬೆಸ ಸಂಖ್ಯೆಯ ಲೆಕ್ಕಗಳಿಗೆ ಮಾತ್ರ ಉತ್ತರ ಕೊಟ್ಟಿದ್ದಾರೆ. ಹಾಗಾಗಿ ಬೆಸ ಸಂಖ್ಯೆಯವನ್ನೇ ಮಾಡಿಸಿ, ಬೇಕಾದಷ್ಟಿದೆ. ವಿವರಣೆ ಅರ್ಥ ಆಗದ ಕಡೆ ಖಾನ್ ಅಕಾಡೆಮಿ ವಿಡಿಯೋ ಹಾಕಿಕೊಡಿ.

ಒಂದು ಮಾತು, ಪಠ್ಯಕ್ರಮ ಬದಲಾಯಿಸುತ್ತಾ ಹೋಗಬೇಡಿ. ನಮ್ಮ ಪರಿಚಯದವರೊಬ್ಬರು ಅಕ್ಟೋಬರ್‌ನಲ್ಲಿ ಒಂದು, ಜನವರಿಯಲ್ಲಿ ಇನ್ನೊಂದು ಅಂತ ಬದಲಾಯಿಸಿ ಆ ಹುಡುಗ ಯೂನಿಟ್ ಸರ್ಕಲ್ಲನ್ನೇ ಮೂರು ಸಲ ಕಲಿತ, ವೆಕ್ಟರ್ ಒಂದು ಸಲವೂ ಕಲಿಯಲಿಲ್ಲ.

ಬ್ಯಾಕ್‌ಬೆಂಚ್ ಬಸವ

ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್ ಬಗ್ಗೆ ನಾನು ಹೇಳುತ್ತೇನೆ, ನಾನು ಓದಿದ್ದು ಅದೇ. ಸೂಪರ್ ಪುಸ್ತಕ, ಆದರೆ ಹೆಸರು ನೋಡಿ ತೆಗೆದುಕೊಳ್ಳಬೇಡಿ. ಅವರ ಪ್ರಿಕ್ಯಾಲ್ಕುಲಸ್ ಅಂದರೆ ಟ್ರಿಗನಾಮೆಟ್ರಿ, ಕಾಂಪ್ಲೆಕ್ಸ್ ಸಂಖ್ಯೆ, ವೆಕ್ಟರ್, ಮ್ಯಾಟ್ರಿಕ್ಸ್. ಲಾಗರಿದಮ್, ಶಂಕುಜ, ಸೀರೀಸ್ ಎಲ್ಲ ಅವರ ಇಂಟರ್ಮೀಡಿಯೇಟ್ ಆಲ್ಜೀಬ್ರಾದಲ್ಲಿ ಇದೆ. ಬೇರೆ ಕಡೆ ಆಲ್ಜೀಬ್ರಾ 2 ಮಾಡಿ ನೇರ ಇಲ್ಲಿಗೆ ಬಂದರೆ ಮಧ್ಯದಲ್ಲಿ ಗುಂಡಿ ಬೀಳುತ್ತದೆ. ಕ್ಯಾಲ್ಕುಲೇಟರ್ ಅಲ್ಲಿ ಬೇಕಾಗುವುದೇ ಇಲ್ಲ. ಕೈಲೆಕ್ಕ ಅಂದರೆ ಅಲರ್ಜಿ ಇರುವ ಹುಡುಗಿಗೆ ಮೊದಲ ವಾರವೇ ಸಿಟ್ಟು ಬರಬಹುದು. ಲೆಕ್ಕವನ್ನು ಒಗಟಿನ ಥರ ಇಷ್ಟಪಡುವವಳಾದರೆ ಕೊಡಿ, ಇಲ್ಲದಿದ್ದರೆ ಬೇಡ.

ಸ್ಯಾಕ್ಸನ್ ಇದಕ್ಕೆ ತದ್ವಿರುದ್ಧ. ದಿನಕ್ಕೆ ಒಂದು ಚಿಕ್ಕ ಪಾಠ, ಆಮೇಲೆ ಹಿಂದಿನ ಎಲ್ಲ ಪಾಠದಿಂದ ಒಂದೊಂದು ಲೆಕ್ಕ ಬೆರೆಸಿ ಕೊಡುತ್ತಾರೆ. ಮರೆಯುವುದಿಲ್ಲ, ಅದು ನಿಜ. ನನ್ನ ತಂಗಿಗೆ ಹೊಂದಿತು, ನನಗೆ ನಿದ್ದೆ ಬರುತ್ತಿತ್ತು.

ಜಯನಗರ ಶೈಲಾ

ನಾವು ಬೆಂಗಳೂರಿನಲ್ಲಿ ಹೋಮ್‌ಸ್ಕೂಲ್, ಕೇಂಬ್ರಿಜ್ ಪರೀಕ್ಷೆ ಖಾಸಗಿ ಅಭ್ಯರ್ಥಿಯಾಗಿ. ನಿಮ್ಮ ಚರ್ಚೆ ಓದಿ ನಗು ಬಂತು, ಇಲ್ಲೂ ಇದೇ ಜಗಳ. ಐಜಿಸಿಎಸ್‌ಇ (ಅವರ ಹತ್ತನೇ ತರಗತಿ ಮಟ್ಟದ್ದು) ಗಣಿತದಲ್ಲಿ ಮೊದಲು ಎರಡೂ ಪೇಪರ್‌ಗೆ ಕ್ಯಾಲ್ಕುಲೇಟರ್ ಇತ್ತು, 2025ರ ಸಿಲಬಸ್‌ನಿಂದ ಒಂದು ಪೇಪರ್ ಕ್ಯಾಲ್ಕುಲೇಟರ್ ಇಲ್ಲದೇ ಬರೆಯಬೇಕು. ಪಿಯುಸಿ ಮಟ್ಟದ ಎ ಲೆವೆಲ್‌ಗೆ ಹೋದರೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಓಕೆ, ಗ್ರಾಫ್ ತೋರಿಸುವುದು ನಿಷೇಧ. ಗ್ರಾಫ್ ಕೈಯಲ್ಲೇ ಬರೆದು ತೋರಿಸಬೇಕು. ನಮ್ಮ ಮಗ ಮನೆಯಲ್ಲಿ ಮೊದಲು ಕಾಗದದ ಮೇಲೆ ಒರಟಾಗಿ ಗ್ರಾಫ್ ಬರೆಯುತ್ತಾನೆ, ಎಲ್ಲಿ ಅಕ್ಷ ಮುಟ್ಟುತ್ತದೆ, ಎಲ್ಲಿ ಹಾರಿಹೋಗುತ್ತದೆ ಅಂತ ಗುರುತು ಹಾಕುತ್ತಾನೆ, ಆಮೇಲೆ ಡೆಸ್ಮೋಸ್‌ನಲ್ಲಿ ತಾಳೆ ನೋಡುತ್ತಾನೆ. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಮೇಲೆಯೇ ತಿದ್ದುತ್ತಾನೆ. ನನಗೆ ಗಣಿತ ಬರದಿದ್ದರೂ ಆ ಕೆಂಪು ಗೆರೆ ನೋಡಿ ಎಲ್ಲಿ ಎಡವುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಪ್ಲೇನೋ ಅವರೇ, ಬಿಕಾಂ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರುತ್ತದೆ!

ಪ್ಲೇನೋ ಅಮ್ಮ

ಶೈಲಾ ಅವರೇ, ಕೆಂಪು ಪೆನ್ನು ನಾಳೆಯೇ ತರುತ್ತೇನೆ. ಓಪನ್‌ಸ್ಟ್ಯಾಕ್ಸ್ ಇಳಿಸಿಕೊಂಡೆ, ಮಗಳಿಗೆ ತೋರಿಸಿದೆ, ಬೇಡ ಅನ್ನಲಿಲ್ಲ. ಯಜಮಾನರಿಗೆ ಟ್ರಿಗನಾಮೆಟ್ರಿ ಭಾಗ ಎನ್‌ಸಿಇಆರ್‌ಟಿಯಿಂದ ಮಾಡಿಸುವ ಜವಾಬ್ದಾರಿ ಕೊಟ್ಟಿದ್ದೇನೆ, ಅವರಿಗೂ ಖುಷಿ. ಟಿಐ-84 ಪಕ್ಕದ ಮನೆಯ ಹುಡುಗನ ಹಳೆಯದು ಸಿಗುತ್ತದಂತೆ.

ಕೊನೆಯದಾಗಿ ಒಂದು. ಎಪಿ ಪ್ರಿಕ್ಯಾಲ್ಕುಲಸ್ ಪರೀಕ್ಷೆಯನ್ನೂ ಬರೆಸಬೇಕಾ, ಅಥವಾ ನೇರ ಕ್ಯಾಲ್ಕುಲಸ್‌ಗೆ ಕಾಯಬೇಕಾ? ಹೋಮ್‌ಸ್ಕೂಲ್ ಮಕ್ಕಳಿಗೆ ಪರೀಕ್ಷೆ ಬರೆಯಲು ಜಾಗ ಯಾರು ಕೊಡುತ್ತಾರೆ?

ಕ್ಯಾರಿ ಕನ್ನಡಿಗ

ಕಡ್ಡಾಯ ಏನಿಲ್ಲ. ಆದರೆ ಮನೆಯಲ್ಲಿ ಅಮ್ಮ ಕೊಟ್ಟ ಎ ಗ್ರೇಡ್ ಜೊತೆಗೆ ಹೊರಗಿನ ಒಂದು ಅಂಕ ಇದ್ದರೆ ಟ್ರಾನ್ಸ್‌ಕ್ರಿಪ್ಟ್‌ಗೆ ತೂಕ ಬರುತ್ತದೆ, ಜೊತೆಗೆ ಕ್ಯಾಲ್ಕುಲಸ್ ಎಪಿಗೆ ಮೊದಲು ಒಂದು ರಿಹರ್ಸಲ್ ಆಗುತ್ತದೆ. ಕಾಲೇಜು ಕ್ರೆಡಿಟ್ ಸಿಗುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ, ಎಂಜಿನಿಯರಿಂಗ್‌ಗೆ ಹೋದರೆ ಹೇಗೂ ಕ್ಯಾಲ್ಕುಲಸ್‌ನಿಂದಲೇ ಶುರು. ಎಪಿ ಕೋರ್ಸ್ ಮಾಡದೆಯೂ ಪರೀಕ್ಷೆ ಬರೆಯಬಹುದು. ಹತ್ತಿರದ ಹೈಸ್ಕೂಲ್‌ಗಳ ಎಪಿ ಕೋಆರ್ಡಿನೇಟರ್‌ಗೆ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಮೇಲ್ ಹಾಕಿ. ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕು ಅಂತಿಲ್ಲ, ಕೆಲವು ಕಡೆ ಇಲ್ಲ ಅನ್ನುತ್ತಾರೆ, ಹಾಗಾಗಿ ಸರ್ಕಾರಿ, ಖಾಸಗಿ ಎರಡನ್ನೂ ಕೇಳಿ. ನೋಂದಣಿ ನವೆಂಬರ್‌ನಲ್ಲಿ ಮುಗಿಯುತ್ತದೆ. ಉತ್ತರವನ್ನು ದಶಮಾಂಶದಲ್ಲಿ ಕೊಡುವುದಾದರೆ ಮೂರು ಸ್ಥಾನದ ತನಕ ಬರೆಯಬೇಕು. ಮಧ್ಯದಲ್ಲಿ ಎಲ್ಲಿಯೂ ರೌಂಡ್ ಮಾಡದೆ ಕೊನೆಗೆ ಮಾತ್ರ ಮಾಡುವುದನ್ನು ಈಗಿನಿಂದಲೇ ರೂಢಿ ಮಾಡಿಸಿ. ಪರೀಕ್ಷೆ ದಿನ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇರಲಿ.